‘ಎಕ್ಸ್‌ಟ್ರಿಕೇಟ್’ ಪದದ ಪಾಠ: ತಮ್ಮನ ಮಗಳಿಗೊಂದು ಪತ್ರ

ಚಿರಂಜೀವಿ ಸುಮನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಪಿಯು ತರಗತಿಯಲ್ಲಿ ‘ಎಕ್ಸ್‌ಟ್ರಿಕೇಟ್’ ಎಂಬ, ಸಿಕ್ಕಿನಿಂದ ಹೊರತರುವುದೆಂಬ ಅರ್ಥದ ಇಂಗ್ಲಿಷ್ ಪದವನ್ನು ಹೇಗೆ ವಿವರಿಸಲಿ ಎಂದು ಕೇಳಿದ್ದೀಯೆ. ಪದದ ಹುಟ್ಟನ್ನು ಅವಶ್ಯವಾಗಿ ಹೇಳು. ಆದರೆ ಅದು ವಾಕ್ಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಬಿಟ್ಟು ಬರೀ ಹುಟ್ಟನ್ನು ಹೇಳಬೇಡ.

ಲ್ಯಾಟಿನ್ನಿನಲ್ಲಿ ‘ಟ್ರೀಕೇ’ ಎಂದರೆ ಕ್ಷುಲ್ಲಕ ಸಂಗತಿಗಳು, ಇಲ್ಲದ ತಂಟೆ ತೊಡಕುಗಳು. ಅದರೊಳಗೆ ಸಿಲುಕಿಸುವುದರಿಂದ ಜಟಿಲವೆಂಬ ಅರ್ಥದ ‘ಇಂಟ್ರಿಕೇಟ್’ ಹುಟ್ಟಿತು, ಹೊರಗೆಳೆಯುವುದರಿಂದ ‘ಎಕ್ಸ್‌ಟ್ರಿಕೇಟ್’ ಹುಟ್ಟಿತು. ಮೊದಲನೆಯದು 15ನೆಯ ಶತಮಾನದಲ್ಲಿ, ಎರಡನೆಯದು 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದವು. ಒಳಸಂಚೆಂಬ ಅರ್ಥದ ‘ಇಂಟ್ರೀಗ್’ ಕೂಡ ಇದೇ ಮನೆತನದ್ದು, ಇಟಲಿ ಮತ್ತು ಫ್ರಾನ್ಸನ್ನು ಸುತ್ತಿಕೊಂಡು ಬಂದದ್ದು.

ಇದರ ಹಿಂದೆ ಮಕ್ಕಳಿಗೆ ಹಿಡಿಸುವ ಕಥೆಯೊಂದಿದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸ್ಫೋಟದ ವೇಳೆ ತೀರಿಕೊಂಡ ರೋಮಿನ ವಿದ್ವಾಂಸ ಪ್ಲಿನಿ, ಟ್ರಾಯ್ ಯುದ್ಧದ ವೀರ ಡಯೋಮಿಡೀಸನು ಆಗ್ನೇಯ ಇಟಲಿಯ ಅಪೂಲಿಯಾದಲ್ಲಿ ಅಪಿನಾ ಮತ್ತು ಟ್ರೀಕಾ ಎಂಬ ಎರಡು ಊರುಗಳನ್ನು ನಾಶಮಾಡಿದನೆಂದೂ ಆ ಹೆಸರುಗಳು ಆಮೇಲೆ ನಗೆಯ ಗಾದೆಯಾದವೆಂದೂ ಬರೆದಿದ್ದಾನೆ. ಇದನ್ನು ಪ್ಲಿನಿ ಹೇಳಿದ ಕಥೆಯೆಂದೇ ಹೇಳು, ಬೋರ್ಡಿನ ಮೇಲೆ ನಿಶ್ಚಿತ ಮೂಲವೆಂದು ಬರೆಯಬೇಡ. ಗಾದೆ ಮೊದಲು ಹುಟ್ಟಿ, ಅದಕ್ಕೊಂದು ಊರನ್ನು ಜನ ಆಮೇಲೆ ಹುಡುಕಿಕೊಳ್ಳುವುದು ಎಲ್ಲ ದೇಶಗಳಲ್ಲೂ ಉಂಟು.

ನಮ್ಮ ಮಕ್ಕಳು ಎಡವುವುದು ಬೇರೆ ಕಡೆ. ಕನ್ನಡದ ‘ಬಿಡಿಸು’ ಬಹಳ ಉದಾರ ಕ್ರಿಯಾಪದ: ಗಂಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ, ಸೆರೆಯಲ್ಲಿದ್ದವನನ್ನೂ ಬಿಡಿಸುತ್ತೇವೆ. ಇಂಗ್ಲಿಷಿನ ಈ ಪದಕ್ಕೆ ಅಷ್ಟು ಹರವಿಲ್ಲ. ಅದು ಗಂಟನ್ನು ಮುಟ್ಟುವುದಿಲ್ಲ, ಗಂಟಿನಲ್ಲಿ ಸಿಕ್ಕವನನ್ನು ಮಾತ್ರ ಹೊರಗೆ ತರುತ್ತದೆ. ಬಲೆಗೆ ಬಿದ್ದ ಹಕ್ಕಿಯನ್ನು ‘ಎಕ್ಸ್‌ಟ್ರಿಕೇಟ್’ ಮಾಡಿದ ಮೇಲೂ ಬಲೆ ಇದ್ದ ಹಾಗೆಯೇ ಇರಬಹುದು. ಆದ್ದರಿಂದ ‘ಸಮಸ್ಯೆಯನ್ನು ಎಕ್ಸ್‌ಟ್ರಿಕೇಟ್ ಮಾಡಿದ’ ಎಂದು ವಿದ್ಯಾರ್ಥಿ ಬರೆದರೆ ಕೆಂಪು ಗೆರೆ ಎಳೆದು ಸುಮ್ಮನಾಗದೆ, ಯಾರನ್ನು, ಯಾವುದರಿಂದ ಎಂದು ಕೇಳು. ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ವಾಕ್ಯ ತಾನಾಗಿ ಸರಿಹೋಗುತ್ತದೆ, ‘ಫ್ರಮ್’ ಕೂಡ ತಾನಾಗಿ ಬಂದು ಕೂರುತ್ತದೆ.

‘ಇಂಟ್ರಿಕೇಟ್’ನ ದಾರಿಯೇ ಬೇರೆ. ಬೇಲೂರಿನ ಶಿಲ್ಪವನ್ನು ಹೊಗಳುವ ಇಂಗ್ಲಿಷ್ ಕೈಪಿಡಿಗಳಲ್ಲಿ ಅದು ನಮ್ಮ ‘ಕುಸುರಿ’ಯ ಜಾಗದಲ್ಲಿ ನಿಂತಿರುತ್ತದೆ, ಅಲ್ಲಿ ತಂಟೆಯ ಸುಳಿವೂ ಇಲ್ಲ. ಮೂಲದ ಅರ್ಥವೇ ಇಂದಿನ ಅರ್ಥವೆಂದು ಹಟ ಹಿಡಿದರೆ ಈ ಮೆಚ್ಚುಗೆಯನ್ನು ದೂರೆಂದು ಓದಬೇಕಾದೀತು!

ಟ್ರೀಕೇಗೂ ಮೂರರ ಗುಂಪೆಂಬ ಅರ್ಥದ ಸಂಸ್ಕೃತದ ‘ತ್ರಿಕ’ಕ್ಕೂ ಸಂಬಂಧ ಕಲ್ಪಿಸುವ ಜಾಣರು ತರಗತಿಯಲ್ಲಿ ಸಿಗುತ್ತಾರೆ, ಇಲ್ಲವೆಂದು ನಿಸ್ಸಂಕೋಚವಾಗಿ ಹೇಳು. ‘ಟ್ರಿಕ್’ ಇದೇ ಬಳಗದ್ದೇ ಎಂದು ಕೇಳಿದರೆ ಮಾತ್ರ, ಫ್ರೆಂಚ್ ಮಾರ್ಗವಾಗಿ ಬಂದಿರುವ ಸಂಭವವಿದೆ, ಖಚಿತವಿಲ್ಲ ಎಂದು ಉತ್ತರಿಸು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ