ಮಗಳಿಗೊಂದು ಪತ್ರ: ಕೈ ಮೇಲೆದ್ದಾಗ ಬೀಳುವ ಪೆಟ್ಟು

ಪ್ರೀತಿಯ ಪುಟ್ಟಿ,

ಪಾರ್ಸೆಲ್ ಬಿಚ್ಚುವಾಗ ಹುಷಾರು. ಚಟ್ನಿಪುಡಿ ಡಬ್ಬಿಯ ಕೆಳಗೆ, ಹಳೇ ಟವಲಿನಲ್ಲಿ ಸುತ್ತಿ ಎರಡು ಸಿ.ಡಿ. ಇಟ್ಟಿದ್ದೇನೆ. ‘ಟೈಮ್ ಟಫ್’ ಅಂತ ಹೆಸರು. ಜಮೈಕಾದ ಟೂಟ್ಸ್ ಅಂಡ್ ದಿ ಮೇಟಲ್ಸ್ ತಂಡದ ಆಯ್ದ ಹಾಡುಗಳ ಸಂಗ್ರಹ, 1996ರಲ್ಲಿ ಬಂದದ್ದು. ನನ್ನ ಮದುವೆಗೆ ಮುಂಚೆ ಬ್ರಿಗೇಡ್ ರೋಡಿನಲ್ಲಿ ಕೊಂಡೆ. ಬಾಬ್ ಮಾರ್ಲಿಯ ಸಿ.ಡಿ. ಬೇಕು ಅಂತ ಹೋಗಿದ್ದೆ, ಅದು ಖಾಲಿಯಾಗಿತ್ತು. ಅಂಗಡಿಯ ಹುಡುಗ ಇದನ್ನು ಕೈಗಿಟ್ಟ.

ಇಂಗ್ಲೆಂಡಿನ ನಿನ್ನ ಕೊವೆಂಟ್ರಿಯಲ್ಲಿ ಎಲ್ಲರೂ ‘ಸ್ಕಾ, ಸ್ಕಾ’ ಅಂತಾರೆ, ಹಾಗಂದ್ರೇನಮ್ಮಾ ಅಂತ ಕೇಳಿದೆಯಲ್ಲ. ಫೋನಿನಲ್ಲಿ ಹೇಳೋಕೆ ಬರಲಿಲ್ಲ. ಈಗ ಬರೆಯುತ್ತೇನೆ. ಸ್ಕಾ ಅಂದರೆ ಜಮೈಕಾದ ಒಂದು ಬಗೆಯ ಕುಣಿತದ ಸಂಗೀತ.

ಚಿಕ್ಕವಳಿದ್ದಾಗ ಸಂಗೀತದ ಪಾಠದಲ್ಲಿ ತೊಡೆ ತಟ್ಟಿ ತಾಳ ಹಾಕುತ್ತಿದ್ದೆ, ನೆನಪಿದೆಯಾ? ಈಗಲೂ ಹಾಗೇ ತಟ್ಟು. ಕೈ ತೊಡೆಗೆ ಬಿದ್ದಾಗ ಗಿಟಾರ್ ಸುಮ್ಮನಿರುತ್ತದೆ. ಕೈ ಮೇಲೆದ್ದಾಗ ‘ಚಕ್’ ಅಂತ ಬೀಳುತ್ತದೆ. ಎರಡು ಎಣಿಕೆಗಳ ನಡುವಿನ ಆ ಸಂದಿಯೇ ಸ್ಕಾದ ಜೀವ. ಜಮೈಕಾ 1962ರಲ್ಲಿ ಸ್ವತಂತ್ರವಾಯಿತು. ಆಗ ಅಲ್ಲಿ ಎಲ್ಲೆಲ್ಲೂ ಕೇಳುತ್ತಿದ್ದದ್ದು ಈ ಓಡುನಡೆಯ ಸಂಗೀತ. 1966ರ ಹೊತ್ತಿಗೆ ಓಟ ನಿಧಾನವಾಗಿ ರಾಕ್‌ಸ್ಟೆಡಿ ಆಯಿತು. ಇನ್ನೆರಡು ವರ್ಷಕ್ಕೆ ರೆಗೆ. 1968ರಲ್ಲಿ ಟೂಟ್ಸ್ ತಂಡ ‘ಡು ದ ರೆಗೆ’ ಅಂತ ಹಾಡಿತು. ಆ ಸಂಗೀತಕ್ಕೆ ಹೆಸರು ಅಂಟಿಕೊಂಡದ್ದು ಆ ಹಾಡಿನಿಂದಲೇ ಅಂತಾರೆ.

ಟೂಟ್ಸ್ ಅಂದರೆ ಫ್ರೆಡೆರಿಕ್ ಹಿಬರ್ಟ್. 1942ರಲ್ಲಿ ಮೇ ಪೆನ್ ಅನ್ನುವ ಊರಿನಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಚರ್ಚಿನಲ್ಲಿ ಹಾಡಿದವರು. ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದು ಕ್ಷೌರದ ಅಂಗಡಿಯಲ್ಲಿ ಕೆಲಸ ಮಾಡಿದರು. ಜೆರಿ, ರ‍್ಯಾಲಿ ಅನ್ನುವ ಇಬ್ಬರು ಗೆಳೆಯರು ಸಿಕ್ಕಿ ಮೂವರೂ ಸೇರಿ ಹಾಡಿದರು. ಟೂಟ್ಸ್ ಗಂಟಲಿನಲ್ಲಿ ಆ ಚರ್ಚು ಕೊನೆಯವರೆಗೂ ಇತ್ತು. ಪ್ರೀತಿಯ ಹಾಡನ್ನೂ ಪ್ರಾರ್ಥನೆಯ ಹಾಗೆ ಕೂಗಿ ಕರೆದು ಹಾಡುತ್ತಾರೆ.

ನನಗೆ ಎಲ್ಲಕ್ಕಿಂತ ಇಷ್ಟ ‘ಸ್ವೀಟ್ ಅಂಡ್ ಡ್ಯಾಂಡಿ’. ಅದು ಒಂದು ಮದುವೆಮನೆ ಕಣೇ. ಮದುಮಗಳು ಕೋಣೆಯಲ್ಲಿ ಕೂತು ಅಳುತ್ತಿದ್ದಾಳೆ, ಕಣ್ಣೊರೆಸಿಕೋ ಅಂತ ಅಮ್ಮ ಹೇಳುತ್ತಾಳೆ. ಮದುಮಗನೂ ತನ್ನ ಕೋಣೆಯಲ್ಲಿ ಚಡಪಡಿಸುತ್ತಿದ್ದಾನೆ. ಹೊರಗೆ ಜನ ಕುಣಿಯುತ್ತಿದ್ದಾರೆ. ಕೇಕಿಗೆ ಎಷ್ಟಾಯಿತು ಅನ್ನುವುದೂ ಹಾಡಿನಲ್ಲೇ ಬರುತ್ತದೆ! ನಮ್ಮ ಸೋಬಾನೆ ಪದಗಳಲ್ಲಿ ಅಜ್ಜಿ ಬೀಗರನ್ನು ಹೆಸರು ಹಿಡಿದು ಕರೆಯುತ್ತಿದ್ದರಲ್ಲ, ನನಗೆ ಅದೇ ನೆನಪಾಗುತ್ತದೆ. 1969ರ ಜಮೈಕಾದ ಹಾಡಿನ ಸ್ಪರ್ಧೆಯಲ್ಲಿ ಇದೇ ಗೆದ್ದದ್ದು.

ಆಮೇಲೆ ‘54-46’. ಇದನ್ನು ಕೂತು ಕೇಳಬೇಕು. ಟೂಟ್ಸ್ ಗಾಂಜಾ ಕೇಸಿನಲ್ಲಿ ಜೈಲಿಗೆ ಹೋಗಿದ್ದರು. ತಾವು ತಪ್ಪು ಮಾಡಿರಲಿಲ್ಲ ಅಂತಲೇ ಹೇಳುತ್ತಿದ್ದರು. ಹೊರಬಂದ ಮೇಲೆ ರೆಕಾರ್ಡ್ ನಿರ್ಮಾಪಕ ಲೆಸ್ಲಿ ಕಾಂಗ್ ಅವರಿಗಾಗಿ ಈ ಹಾಡು ಹಾಡಿದರು. ಹಾಡಿನಲ್ಲಿ ಆ ಅಂಕಿ ಕೈದಿಯ ನಂಬರು. ನಡುವೆ ಒಂದು ಕಡೆ ಟೂಟ್ಸ್ ‘ಒಂದು’ ಅಂದರೆ ವಾದ್ಯಗಳೆಲ್ಲ ಒಟ್ಟಿಗೆ ಒಂದೇ ಪೆಟ್ಟು ಹೊಡೆಯುತ್ತವೆ. ‘ಎರಡು’ ಅಂದರೆ ಎರಡು. ಹಾಗೇ ನಾಲ್ಕರವರೆಗೆ. ನಂಬರಿನಿಂದ ಕರೆಸಿಕೊಂಡ ಮನುಷ್ಯ ಈಗ ತಾನೇ ಎಣಿಸುತ್ತಾನೆ. ನನಗೆ ಆ ಜಾಗದಲ್ಲಿ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಇದನ್ನು ಹೇಳಿದ ಮೇಲೆ ಇನ್ನೊಂದು ಹೇಳಲೇಬೇಕು. 2013ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ಹಾಡುವಾಗ ಒಬ್ಬ ಹುಡುಗ ವೋಡ್ಕಾ ಬಾಟಲಿ ಎಸೆದ. ಟೂಟ್ಸ್ ತಲೆಗೆ ಬಿತ್ತು. ಆಗ ಅವರಿಗೆ ಎಪ್ಪತ್ತು ವರ್ಷ. ಏಟು ಜೋರಾಗಿತ್ತು, ತಲೆನೋವು, ಭಯ ಜಾಸ್ತಿಯಾಗಿ 2016ರವರೆಗೆ ಸ್ಟೇಜ್ ಹತ್ತಲಿಲ್ಲ. ಆದರೂ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ಅವನಿನ್ನೂ ಹುಡುಗ, ಜೈಲಿನಲ್ಲಿ ಇಂಥವರಿಗೆ ಏನಾಗುತ್ತದೆ ಅಂತ ಕೇಳಿದ್ದೇನೆ, ಅವನು ಅದನ್ನು ಅನುಭವಿಸಿದರೆ ನನ್ನ ನೋವು ಇನ್ನೂ ಹೆಚ್ಚುತ್ತದೆ ಅಂತ. ಸುದ್ದಿ ಓದಿದ ದಿನ ಅಡುಗೆಮನೆಯಲ್ಲಿ ‘54-46’ ಹಾಕಿದ್ದೆ. ನೀನು ಸ್ಕೂಲಿನಿಂದ ಬಂದು, ಯಾಕಮ್ಮಾ ಅಳ್ತಿದೀಯ ಅಂದೆ. ಈರುಳ್ಳಿ ಅಂದಿದ್ದೆ. ಈರುಳ್ಳಿಯಲ್ಲ, ಪುಟ್ಟಿ.

ನಿನ್ನ ಊರಿಗೂ ಇದಕ್ಕೂ ನಂಟಿದೆ. ಕೊವೆಂಟ್ರಿಯ ದಿ ಸ್ಪೆಷಲ್ಸ್ ಅನ್ನುವ ಸ್ಕಾ ತಂಡ 1979ರಲ್ಲಿ ತಮ್ಮ ಮೊದಲ ಆಲ್ಬಂನಲ್ಲಿ ‘ಮಂಕಿ ಮ್ಯಾನ್’ ಹಾಡಿತು. ಅದು ಟೂಟ್ಸ್ ತಂಡದ್ದೇ ಹಾಡು. ಸ್ಪೆಷಲ್ಸ್‌ನವರು ಅದನ್ನು ಓಡಿಸಿಕೊಂಡು ಹಾಡುತ್ತಾರೆ. ಮೊದಲು ಟೂಟ್ಸ್ ಹಾಡಿದ್ದನ್ನು ಕೇಳು, ಆಮೇಲೆ ಅದು.

‘ಕಂಟ್ರಿ ರೋಡ್ಸ್’ ನಿನಗೆ ಗೊತ್ತಿರುವ ಹಾಡೇ. ಅಮೆರಿಕದವರ ವೆಸ್ಟ್ ವರ್ಜೀನಿಯಾ ಇದ್ದ ಕಡೆ ಟೂಟ್ಸ್ ವೆಸ್ಟ್ ಜಮೈಕಾ ಅಂತ ಹಾಡುತ್ತಾರೆ, ಅಷ್ಟೇ. ಅವರು 2020ರ ಸೆಪ್ಟೆಂಬರಿನಲ್ಲಿ ಕಿಂಗ್‌ಸ್ಟನ್‌ನಲ್ಲೇ ತೀರಿಕೊಂಡರು. ಆ ಹಾಡನ್ನು ಕೊನೆಗೆ ಇಟ್ಟುಕೋ. ಕೇಳಿದಾಗ ಫೋನ್ ಮಾಡು. ಇಲ್ಲಿ ಎಷ್ಟು ಗಂಟೆ ಅಂತ ನೋಡಬೇಡ.

ನಿನ್ನ
ಅಮ್ಮ