ಹೆಸರು ಹೇಳದೆ ಹೋದ ಗಾರೆ ಮೇಸ್ತ್ರಿಯವರಿಗೆ

ಸಿ. ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಕಂಡುಹಿಡಿದ ನೆನಪಿನ ರಾಷ್ಟ್ರೀಯ ವಿಜ್ಞಾನ ದಿನದಂದೇ ಮುಗಿಯುವಂತೆ ನಮ್ಮ ಶಾಲೆಯಲ್ಲಿ ಗಣಿತ-ವಿಜ್ಞಾನ ಸಪ್ತಾಹವನ್ನು ಏರ್ಪಡಿಸಿದ್ದೆವು. ಅಂಗಳದಲ್ಲಿ ಕೋಲು ನೆಟ್ಟು, ಅದರ ಅತಿ ಗಿಡ್ಡ ನೆರಳಿನಿಂದ ಮಕ್ಕಳು ಉತ್ತರ ದಿಕ್ಕನ್ನು ಕಂಡುಕೊಳ್ಳಬೇಕಿತ್ತು. ಆದರೆ ನಾನು ನೆಟ್ಟ ಕೋಲು ವಾಲಿದ್ದರಿಂದ ಮೊದಲ ದಿನದ ಗುರುತುಗಳೆಲ್ಲ ತಪ್ಪಾದವು.

ಪಕ್ಕದ ಮನೆಯ ಕಟ್ಟಡ ಕೆಲಸದಲ್ಲಿದ್ದ ತಾವು ಅದನ್ನು ಗಮನಿಸಿ, ಕರೆಯದೆಯೇ ಬಂದು, ತೂಗುಗುಂಡನ್ನು ಇಳಿಬಿಟ್ಟು, ಅದರ ದಾರ ಅಲುಗಾಡುವುದು ನಿಲ್ಲುವವರೆಗೂ ಮಕ್ಕಳನ್ನು ಉಸಿರು ಬಿಗಿಹಿಡಿದು ಕಾಯುವಂತೆ ಮಾಡಿ ಕೋಲನ್ನು ನೆಟ್ಟಗೆ ನಿಲ್ಲಿಸಿದಿರಿ. ಬಳಿಕ ಹಗ್ಗದಲ್ಲಿ 3, 4, 5 ಅಡಿಗಳಿಗೆ ಗಂಟು ಹಾಕಿ ತ್ರಿಕೋನವಾಗಿ ಎಳೆದು, ಮನೆಯ ಪಾಯಕ್ಕೆ ಮೂಲೆಮಟ್ಟ ಹಿಡಿಯುವ ಬಗೆಯನ್ನು ತೋರಿಸಿದಿರಿ. ಪೈಥಾಗೊರಸ್ ಪ್ರಮೇಯವನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಹತ್ತನೆಯ ತರಗತಿಯ ಮಕ್ಕಳು ಒಂಬತ್ತು, ಹದಿನಾರು, ಇಪ್ಪತ್ತೈದು ಎಂದು ತಾವಾಗಿಯೇ ಕೂಡಿ ನೋಡಿದ ಆ ಕ್ಷಣವನ್ನು ನಾನು ಮರೆಯಲಾರೆ.

ಮರುದಿನ ಗಡಿಯಾರದಲ್ಲಿ ಹನ್ನೆರಡೂವರೆ ದಾಟಿದ ಮೇಲೆ ನೆರಳು ಅತಿ ಗಿಡ್ಡವಾಗಿ ಉತ್ತರವನ್ನು ತೋರಿತು. ಅದನ್ನು ತಿಳಿಸಲು ಮಕ್ಕಳು ಓಡಿ ಬಂದಾಗ ತಮ್ಮ ಕೆಲಸ ಮುಗಿದು ತಾವು ಹೊರಟುಹೋಗಿದ್ದಿರಿ. ಗಂಟು ಹಾಕಿದ ಆ ಹಗ್ಗವನ್ನು ನಮ್ಮ ಪ್ರಯೋಗಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದೇವೆ. ತಮಗೆ ನಮ್ಮೆಲ್ಲರ ಹೃತ್ಪೂರ್ವಕ ಧನ್ಯವಾದಗಳು.