ಅಜ್ಜಿಯ ಕೆನ್ನೆಯ ಕಲೆ ಅಳಿಸಬೇಡ

ಪ್ರೀತಿಯ ದೋಸ್ತ,

ಊರ ಮನೆಯ ಅಟ್ಟದಿಂದ ಟ್ರಂಕು ಇಳಿಸಿದ್ದೀ, ಅದರ ತುಂಬ ಹಳೆಯ ಆಲ್ಬಂಗಳಿವೆ ಅಂತ ಬರೆದಿದ್ದೀಯಲ್ಲ, ಓದಿ ಬಹಳ ಖುಷಿಯಾಯಿತು. ಮೂರು ತಲೆಮಾರಿನ ಫೋಟೊ ಒಂದೇ ಕಡೆ ಉಳಿದಿರುವ ಮನೆ ಈಗ ಎಷ್ಟಿವೆ ಹೇಳು? ಆದರೆ ಕೊನೆಯ ಸಾಲು ನೋಡಿ ಎದೆ ಝಲ್ಲೆಂದಿತು. "ಎಲ್ಲಾ ಕಿತ್ತು ಮೊಬೈಲಿನ್ಯಾಗ ಹೊಡ್ಕೊಂಡು, ಯಾವುದರ ಆ್ಯಪಿನ್ಯಾಗ ಹಾಕಿ ಹೊಸಾದ ಮಾಡಿಬಿಡ್ತೀನಿ" ಅಂದಿದ್ದೀ. ಸ್ವಲ್ಪ ತಡಿ. ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಸಿಂಗರಿಸಿ, ಬರಹ ಸೇರಿಸಿ ಪುಟ ಕಟ್ಟುವ ಈ ಡಿಜಿಟಲ್ ಸ್ಕ್ರ್ಯಾಪ್‌ಬುಕ್ಕಿನ ಹುಚ್ಚು ನನಗೆ ಹಿಡಿದು ವರ್ಷಗಳೇ ಆದವು, ನಿನಗೂ ಹಿಡಿಸಬೇಕೆಂದು ಕಾಯುತ್ತಲೇ ಇದ್ದೆ. ಈಗ ನೀನಾಗಿಯೇ ಕೇಳಿದ್ದೀ. ಪತ್ರ ಉದ್ದವಾಗುತ್ತದೆ, ಬೇಸರಿಸದೆ ಓದು.

ಮೊದಲನೆಯದು, ಏನನ್ನೂ ಕೀಳಬೇಡ. ಎಂಬತ್ತರ ದಶಕದಲ್ಲಿ ಎಲ್ಲರ ಮನೆಗೂ ಬಂದ ಆಲ್ಬಂ ನೆನಪಿದೆಯಲ್ಲ, ದಪ್ಪ ರಟ್ಟಿನ ಮೇಲೆ ಅಂಟಿನ ಗೆರೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ? ಆ ಅಂಟು ಒಣಗಿ ಹಳದಿಯಾಗಿ ಫೋಟೊದ ಬೆನ್ನಿಗೆ ಕಚ್ಚಿಕೊಂಡಿರುತ್ತದೆ. ಉಗುರು ಹಾಕಿ ಎಳೆದರೆ ಫೋಟೊ ಬಾಗಿ ಮೇಲ್ಪದರ ಬಿರಿಯುತ್ತದೆ. ಪ್ಲಾಸ್ಟಿಕ್ ಮೆಲ್ಲಗೆ ಸರಿಸಿ, ಇಡೀ ಪುಟವನ್ನೇ ಸ್ಕ್ಯಾನರಿನ ಮೇಲೆ ಬೋರಲು ಹಾಕು. ತೆಗೆಯಲೇಬೇಕೆಂದಿದ್ದರೆ ಮೆಡಿಕಲ್ ಶಾಪಿನಲ್ಲಿ ಹಲ್ಲಿನ ಸಂದು ಶುಚಿ ಮಾಡುವ ಫ್ಲಾಸ್ ದಾರ ಸಿಗುತ್ತದೆ. ಅದನ್ನು ಫೋಟೊದ ಹಿಂದೆ ಹಾಯಿಸಿ, ಗರಗಸದಂತೆ ಆಚೀಚೆ ಆಡಿಸಿದರೆ ಅಂಟು ಬಿಡುತ್ತದೆ. ಫ್ರೇಮಿನ ಗಾಜಿಗೇ ಫೋಟೊ ಅಂಟಿಕೊಂಡಿದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡು, ಬಿಡಿಸಲು ಹೋಗಲೇಬೇಡ.

ಬಿಡಿಯಾಗಿರುವ ಫೋಟೊಗಳ ಬೆನ್ನನ್ನೂ ಸ್ಕ್ಯಾನ್ ಮಾಡು. ಅಲ್ಲಿ ಸ್ಟುಡಿಯೊದ ಮುದ್ರೆ ಇರುತ್ತದೆ, ಒಮ್ಮೊಮ್ಮೆ ಮಸಿಯಲ್ಲಿ ಬರೆದ ಹೆಸರು, ತಾರೀಖು. ನಮ್ಮ ಅತ್ತೆಯ ಒಂದು ಫೋಟೊ ಹಿಂದೆ ಬೆಂಗಳೂರಿನ ಜಿ.ಕೆ. ವೇಲ್ ಮುದ್ರೆ ಸಿಕ್ಕಿತು. ಆ ಸ್ಟುಡಿಯೊ ಶುರುವಾದದ್ದು 1910ರಲ್ಲಿ. ಧಾರವಾಡ ಬಿಟ್ಟು ಕದಲದ ಅತ್ತೆ ಬೆಂಗಳೂರಿಗೆ ಯಾವಾಗ ಹೋಗಿದ್ದರು ಎಂಬ ಪ್ರಶ್ನೆಯಿಂದಲೇ ಒಂದು ಇಡೀ ಪುಟ ಹುಟ್ಟಿತು.

ನೀನು ಕಳಿಸಿದ ಚಿತ್ರದಲ್ಲಿ ಒಂದು ಲಕೋಟೆಯಿಂದ ಪುಟ್ಟ ಚೌಕ ಫೋಟೊಗಳು ಇಣುಕುತ್ತಿವೆಯಲ್ಲ, ಅವು ಬಹುಶಃ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದವು. ಅದಕ್ಕೆ ಹಾಕುವ 120 ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ 12 ಚೌಕ ಚಿತ್ರ ಬರುತ್ತಿದ್ದವು. ನೆಗೆಟಿವನ್ನು ನೇರ ಕಾಗದದ ಮೇಲಿಟ್ಟು ಮುದ್ರಿಸಿದ್ದರಿಂದ ಅಷ್ಟು ಚಿಕ್ಕದು, ಆದರೆ ಚಿಕ್ಕದೆಂದು ಅಸಡ್ಡೆ ಮಾಡಬೇಡ. ಎರಡೂಕಾಲು ಇಂಚಿನ ಆ ಚೌಕವನ್ನು 1200 ಡಿಪಿಐನಲ್ಲಿ, ಅಂದರೆ ಇಂಚಿಗೆ 1200 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ ಒಂದೊಂದು ಬದಿಗೆ 2700 ಪಿಕ್ಸೆಲ್ ಸಿಗುತ್ತದೆ, ಅಂಗೈಯಗಲಕ್ಕಿಂತ ದೊಡ್ಡದಾಗಿ ಮುದ್ರಿಸಬಹುದು. ನೆಗೆಟಿವ್ ಉಳಿದಿದ್ದರಂತೂ ಹಬ್ಬ. ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್‌ನ 'ಇಂದು' ಫಿಲ್ಮ್ ಆಗ ಎಲ್ಲೆಡೆ ಓಡುತ್ತಿತ್ತು, ಪಟ್ಟಿಯ ಅಂಚಿನಲ್ಲಿ ಹೆಸರು ಇದೆಯೇ ನೋಡು.

ಇನ್ನು ನೀನು ಕೇಳಿದ, ಕೆಂಪಾಗಿಹೋದ ಫೋಟೊಗಳ ವಿಷಯ. ಬಣ್ಣದ ಫೋಟೊದಲ್ಲಿ ಮೂರು ಬಣ್ಣದ ಪದರಗಳಿರುತ್ತವೆ. ಆ ಕಾಲದ ಕಾಗದಗಳಲ್ಲಿ ಆಲ್ಬಂನ ಕತ್ತಲಲ್ಲಿದ್ದರೂ ನೀಲಿಹಸಿರಿನ ಪದರ ಉಳಿದೆರಡಕ್ಕಿಂತ ಬೇಗ ಮಾಸುತ್ತಿತ್ತು. ಅದು ಹೋದ ಮೇಲೆ ಮುಖ, ಗೋಡೆ, ಆಕಾಶ ಎಲ್ಲಕ್ಕೂ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಲೆವೆಲ್ಸ್ ಎಂಬ ಉಪಕರಣ ತೆರೆದು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸು. ಅಲ್ಲಿ ಕಾಣುವ ಗುಡ್ಡದಂತಹ ನಕ್ಷೆ ಎಲ್ಲಿ ಶುರುವಾಗುತ್ತದೋ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಎರಡೂ ತುದಿಯ ಗುಂಡಿ ಎಳೆದು ನಿಲ್ಲಿಸು. ಬಹುತೇಕ ಬಣ್ಣ ಅಷ್ಟರಲ್ಲೇ ಮರಳುತ್ತದೆ. ಮೊದಲ ಸಲ ಅವ್ವನ ಹಸಿರು ಸೀರೆ ಹಸಿರಾಗಿ ಕಂಡಾಗ ನಾನು ಮನೆಯವರನ್ನೆಲ್ಲ ಕೂಗಿ ಕರೆದಿದ್ದೆ.

ಸೀಳು, ಮಡಿಕೆ, ಶಿಲೀಂಧ್ರದ ಚುಕ್ಕಿ ತಿದ್ದುವುದು ತಾಳ್ಮೆಯ ಕೆಲಸ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ. ಅಪ್ಪ ಅವ್ವನ ಮದುವೆ ಫೋಟೊದಲ್ಲಿ ಬಾಸಿಂಗದಿಂದ ಹಿಡಿದು ಸೀರೆಯ ಅಂಚಿನವರೆಗೆ ಒಂದು ಬಿಳಿ ಗೆರೆ ಬಿದ್ದಿತ್ತು. ಮೂಲದ ಮೇಲೆ ಕೈಯಾಡಿಸದೆ ಅದರ ಮೇಲೊಂದು ಪ್ರತಿ ಪದರ (ಲೇಯರ್) ಮಾಡಿಕೊಂಡೆ. ಗೋಡೆಯ ಭಾಗಕ್ಕೆ, ಕಲೆಯನ್ನು ಸುತ್ತಲಿನ ಬಣ್ಣದೊಂದಿಗೆ ಬೆರೆಸಿ ಮುಚ್ಚುವ ಹೀಲ್ ಉಪಕರಣ ಸಾಕಾಯಿತು. ಸೀರೆಯಂಚಿಗೆ ಅದು ಆಗುವುದಿಲ್ಲ, ಜರಿಯೆಲ್ಲ ಕಲಸಿಹೋಗುತ್ತದೆ. ಅಲ್ಲಿ ಒಂದು ಜಾಗವನ್ನು ಇದ್ದಹಾಗೇ ಇನ್ನೊಂದೆಡೆ ನಕಲಿಸುವ ಕ್ಲೋನ್ ಉಪಕರಣ ಬೇಕು. ಅಂಚಿನಲ್ಲಿ ಹಲ್ಲಿನಾಕಾರದ ವಿನ್ಯಾಸ ಮತ್ತೆ ಮತ್ತೆ ಬರುವುದರಿಂದ, ಸೀಳಿದ ಹಲ್ಲಿಗೆ ಪಕ್ಕದ ಹಲ್ಲಿನ ಅದೇ ಜಾಗದಿಂದ ಎತ್ತಿ ತುಂಬಿದೆ. ಸೀರೆಯ ನೆರಿಗೆಗಳ ಮೇಲೆ ಬ್ರಶ್ಶನ್ನು ಅಡ್ಡಡ್ಡ ಎಳೆಯದೆ ಬಟ್ಟೆ ಇಳಿದ ದಿಕ್ಕಿನಲ್ಲೇ ಎಳೆಯಬೇಕು. ಗೆರೆ ಅವ್ವನ ಎಡ ಹುಬ್ಬನ್ನು ಸ್ವಲ್ಪ ಕತ್ತರಿಸಿತ್ತು. ಅಲ್ಲಿ ಗೆರೆಯ ಬಿಳುಪನ್ನು ಮಾತ್ರ ತಗ್ಗಿಸಿ ಬಿಟ್ಟೆ. ಹುಬ್ಬಿನ ಆ ಭಾಗ ಹೇಗಿತ್ತೆಂದು ಫೋಟೊದಲ್ಲಿ ಇಲ್ಲ, ನಾನು ಊಹಿಸಿ ಬರೆಯುವುದು ಸರಿಯೆನಿಸಲಿಲ್ಲ.

ನಿನ್ನ ಆ್ಯಪಿನ ಮಾತು ಬಂದಾಗ ನಾನು ಗಾಬರಿಯಾದದ್ದು ಇದಕ್ಕೇ. ಅಣ್ಣನ ಮಗ ಹೋದ ವರ್ಷ ನಮ್ಮ ಅಜ್ಜಿಯ ಫೋಟೊವನ್ನು ಅಂಥದ್ದೊಂದರಲ್ಲಿ ಹಾಕಿ ಮನೆಯವರಿಗೆಲ್ಲ ಕಳಿಸಿದ. ಚರ್ಮ ಬೆಣ್ಣೆಯ ಹಾಗೆ ನುಣುಪು, ಕಣ್ಣು ಹೊಳೆಯುತ್ತಿವೆ. ಎಲ್ಲರೂ ಚಂದ ಅಂದರು. ಆದರೆ ಅಜ್ಜಿಯ ಎರಡೂ ಕೆನ್ನೆಯ ಮೇಲಿದ್ದ ಸಿಡುಬಿನ ಕಲೆ ಇರಲಿಲ್ಲ. ಮೂಗಿನ ನತ್ತು ಕರಗಿ ತುಟಿಯ ನೆರಳಿಗೆ ಸೇರಿಹೋಗಿತ್ತು. ಆ ಯಂತ್ರ ಅಜ್ಜಿಯನ್ನು ನೋಡಿಯೇ ಇಲ್ಲ, ನೋಡಿರುವ ಲಕ್ಷಾಂತರ ಮುಖಗಳಿಂದ ಒಂದು ಮುಖ ಕಟ್ಟಿ ಅಲ್ಲಿ ಕೂರಿಸಿತ್ತು. 1975ರ ನಂತರ ಭಾರತದಲ್ಲಿ ಯಾರಿಗೂ ಸಿಡುಬು ಬಂದಿಲ್ಲ. ಆ ಕಲೆ ಇದ್ದ ಮುಖಗಳು ಮುಂದೊಂದು ಕಾಲಕ್ಕೆ ಫೋಟೊದಲ್ಲಿ ಮಾತ್ರ ಸಿಗುತ್ತವೆ. ಅಜ್ಜಿ ಅದರಿಂದ ಬದುಕಿ ಬಂದವಳು, ಅವಳ ತಂಗಿ ಬದುಕಲಿಲ್ಲ. ಮೊಮ್ಮಗಳು ಮುಂದೊಂದು ದಿನ "ಕೆನ್ನೆ ಮ್ಯಾಲೆ ಏನದು?" ಅಂತ ಕೇಳಬೇಕಾದರೆ ಕಲೆ ಅಲ್ಲಿರಬೇಕು. ಅಣ್ಣನ ಮಗನಿಗೆ ಬೈಯಲಿಲ್ಲ, ಕೂರಿಸಿಕೊಂಡು ಎರಡೂ ಚಿತ್ರ ಪಕ್ಕಪಕ್ಕ ತೋರಿಸಿದೆ. ಈಗ ಅವನೇ ಧೂಳು ತೆಗೆಯುವುದರಲ್ಲಿ ನನಗಿಂತ ಚುರುಕು.

ಕಪ್ಪುಬಿಳುಪಿಗೆ ಬಣ್ಣ ತುಂಬಿಸುವುದೂ ಹಾಗೆಯೇ. ಅಜ್ಜಿಯ ಇಳಕಲ್ ಸೀರೆಗೆ ಯಂತ್ರ ತಿಳಿನೀಲಿ ಹಚ್ಚಿತು. ಆ ಸೀರೆ ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ, ಒಡಲು ದಾಳಿಂಬೆ ಬಣ್ಣದ್ದು, ಸೆರಗು ಟೋಪ್ ತೆನೆ ಎಂಬ ವಿನ್ಯಾಸದ ಕೆಂಪುಬಿಳುಪು. ನಾನು ಸೀರೆಯನ್ನು ಬೆಳಗಿನ ಬೆಳಕಲ್ಲಿ ಕಿಟಕಿಯ ಬಳಿ ಹರಡಿ ಫೋಟೊ ತೆಗೆದು ಅದನ್ನೇ ಪುಟದ ಹಿನ್ನೆಲೆ ಮಾಡಿದೆ, ಮೇಲೆ ಅಜ್ಜಿಯ ಕಪ್ಪುಬಿಳುಪು ಫೋಟೊ ಇಟ್ಟೆ. ಬಣ್ಣವೂ ನಿಜ, ಮುಖವೂ ನಿಜ.

ಇಲ್ಲಿಂದ ಸ್ಕ್ರ್ಯಾಪ್‌ಬುಕ್ಕಿನ ಅಸಲು ಸಂತೋಷ ಶುರು. ಸಾಮಾನ್ಯವಾಗಿ ಪುಟ 12 ಇಂಚು ಚೌಕ, 300 ಡಿಪಿಐ ಅಂದರೆ 3600ಕ್ಕೆ 3600 ಪಿಕ್ಸೆಲ್. ಹಿನ್ನೆಲೆಯ ಕಾಗದ, ಹೂವು, ರಿಬ್ಬನ್ ಎಲ್ಲ ಸೇರಿಸಿದ ಕಟ್ಟಿಗೆ ಕಿಟ್ ಅನ್ನುತ್ತಾರೆ. ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ, ಹೆಚ್ಚಿನವು ಅಮೆರಿಕದವರು ಮಾಡಿದ್ದು, ಹಿಮದ ಹಳುಕು, ಕುಂಬಳಕಾಯಿ, ಮೇಪಲ್ ಎಲೆ. ಬಹಳ ಚಂದವಿರುತ್ತವೆ. ಆದರೆ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ನಿಂತ ಅಜ್ಜನ ಸುತ್ತ ಹಿಮ ಸುರಿಸಲು ನನಗೆ ಮನಸ್ಸು ಬರುವುದಿಲ್ಲ. ಮನೆಯಲ್ಲೇ ಕಿಟ್ ಇದೆಯಪ್ಪ! ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಅಂಗಳದ ರಂಗೋಲಿ, ಇನ್‌ಲ್ಯಾಂಡ್ ಪತ್ರದ ನೀಲಿ, ಅಪ್ಪನ ಡೈರಿಯ ಗೆರೆ ಹಾಳೆ.

ಎಲ್ಲಕ್ಕಿಂತ ನನ್ನ ಮನಸ್ಸು ಗೆದ್ದದ್ದು ಕಸೂತಿ. ಅವ್ವನ ಚಂದ್ರಕಾಳಿ ಸೀರೆಯಲ್ಲಿ ಗೋಪುರ, ತೇರು, ತುಳಸಿ ಕಟ್ಟೆ, ಆನೆ ಎಲ್ಲ ಇವೆ. ಕಸೂತಿಗೆ ಬಟ್ಟೆಯ ಮೇಲೆ ಗುರುತು ಹಾಕುವುದಿಲ್ಲ, ಎಳೆ ಎಣಿಸಿ ಹೊಲಿಯುತ್ತಾರೆ. ಹಾಗಾಗಿ ಅದನ್ನು ಪಿಕ್ಸೆಲ್‌ಗೆ ಇಳಿಸುವುದು ಬಹಳ ಸಲೀಸು. 60ಕ್ಕೆ 60 ಪಿಕ್ಸೆಲ್‌ನ ಪುಟ್ಟ ಕ್ಯಾನ್ವಾಸ್ ತೆಗೆದು, ಗ್ರಿಡ್ ಹಾಕಿಕೊಂಡು, ಒಂದು ಪಿಕ್ಸೆಲ್ ಅಗಲದ ಪೆನ್ಸಿಲಿನಿಂದ ಅವ್ವ ಹೇಳಿದ ಲೆಕ್ಕದಲ್ಲೇ ಇಡುತ್ತಾ ಹೋದೆ. ಕಸೂತಿಯ ಹೊಲಿಗೆಗಳಲ್ಲಿ ಗವಂತಿಯ ನೇರ ಗೆರೆ, ಮುರ್ಗಿಯ ಮೆಟ್ಟಿಲು, ಮೆಂತಿಯ ಅಡ್ಡ ಹೊಲಿಗೆ, ಎಲ್ಲ ಚೌಕಗಳಲ್ಲಿ ಕೂತವು. ನಾಲ್ಕನೆಯ ಹೊಲಿಗೆಯಾದ ನೇಗಿಗೆ ಮಾತ್ರ ಉದ್ದುದ್ದ ಗೆರೆ ಬೇಕು. ದೊಡ್ಡದು ಮಾಡುವಾಗ ಇಂಟರ್‌ಪೊಲೇಶನ್ 'ನನ್' ಅಂತ ಇಡು, ಇಲ್ಲದಿದ್ದರೆ ಅಂಚು ಮಂಜಾಗುತ್ತದೆ. ಪಾರದರ್ಶಕ ಹಿನ್ನೆಲೆಯಿಟ್ಟು ಪಿಎನ್‌ಜಿಯಲ್ಲಿ ಉಳಿಸಿದರೆ ಯಾವ ಪುಟದ ಮೇಲೂ ಅಂಚಾಗಿ ಕೂರುತ್ತದೆ. ಅವ್ವ ಪಕ್ಕದಲ್ಲಿ ಕೂತು "ಅಲ್ಲೆ ಒಂದ ಎಳಿ ಬಿಟ್ಟಿ ನೋಡು" ಅಂತ ಪರದೆಗೆ ಬೆರಳಿಟ್ಟು ತೋರಿಸುತ್ತಿದ್ದಳು.

ಸಾಫ್ಟ್‌ವೇರ್ ಕೊಳ್ಳಬೇಕಾ ಅಂತ ಕೇಳಿದ್ದೀ. ಬೇಡ. ಜಿಂಪ್ ಇದೆ, ಪೂರ್ತಿ ಉಚಿತ. 1995ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಶುರು ಮಾಡಿದ್ದು. 2025ರಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಅದನ್ನು ಮತ್ತೆ ಬದಲಿಸಬಹುದು, ಚಿತ್ರ ಕೆಡುವುದಿಲ್ಲ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ ಎಂಬುದು ನನಗೆ ಅದರ ದೊಡ್ಡ ಗುಣ. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಹಲವರು 'ಅಜ್ಜಿ' ಅಂತ ಟೈಪಿಸಿ 'ಅಜ್‌ಜಿ' ಅಂತ ಬಂದದ್ದು ನೋಡಿ ಕೈಬಿಡುತ್ತಾರೆ. ಆ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ ಹೊಸದಾಗಿ ಬರೆದರೆ ಸರಿಹೋಗುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗೆ ಹೋಗುವ ಅಗತ್ಯವಿಲ್ಲ. ಯೂನಿಕೋಡಿನಲ್ಲೇ ಗುಬ್ಬಿ, ನವಿಲು, ಬಲೂ ತಮ್ಮ, ಟಿರೊ ಕನ್ನಡ ಎಲ್ಲ ಉಚಿತವಾಗಿ ಸಿಗುತ್ತವೆ. ಹಳೆಯ ಫೋಟೊಗೆ ನಾನು ಹೆಚ್ಚಾಗಿ ಟಿರೊ ಕನ್ನಡ ಬಳಸುತ್ತೇನೆ, ಹಳೆಯ ಪಠ್ಯಪುಸ್ತಕದ ಅಚ್ಚಿನ ಗಾಂಭೀರ್ಯ ಅದಕ್ಕಿದೆ.

ಅಕ್ಷರದ ಬಗ್ಗೆ ನಾನು ಹಟಮಾರಿ. ಪುಟದಲ್ಲಿ ಹೂವು ಒಂದು ಕಡಿಮೆಯಾದರೂ ಪರವಾಗಿಲ್ಲ, ಯಾರು, ಎಲ್ಲಿ, ಯಾವ ವರ್ಷ, ಫೋಟೊ ತೆಗೆದವರು ಯಾರು ಅನ್ನುವುದು ಇರಲೇಬೇಕು. ವರ್ಷ ಗೊತ್ತಿಲ್ಲದಿದ್ದರೆ 'ಅಕ್ಕನ ಮದುವೆಗೆ ಮುಂಚೆ' ಅಂತಾದರೂ ಬರೆ.

ನೆರಳಿನ ಬಗ್ಗೆ ಒಂದೇ ಮಾತು. ಪುಟದ ಮೇಲಿನ ಎಲ್ಲ ವಸ್ತುವಿಗೂ ಬೆಳಕು ಒಂದೇ ಕಡೆಯಿಂದ ಬೀಳಲಿ. ಕಾಗದಕ್ಕೆ ತೆಳು ನೆರಳು, ಗುಂಡಿಗೆ ದಪ್ಪ ನೆರಳು.

ನಾವು ಕೆಲವರು ಗೆಳೆಯರು ತಿಂಗಳಿಗೊಂದು ಫೋಟೊ ಹಂಚಿಕೊಂಡು, ಅದೇ ಫೋಟೊದಿಂದ ತಮ್ಮ ತಮ್ಮ ಪುಟ ಮಾಡಿ ತೋರಿಸುತ್ತೇವೆ. ಮಲೆನಾಡಿನ ಗೆಳತಿಯೊಬ್ಬಳು ಹಸೆ ಚಿತ್ತಾರದ ಗೆರೆಗಳಿಂದ ಚೌಕಟ್ಟು ಮಾಡುತ್ತಾಳೆ, ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ. ಅವಳ ಚೌಕಟ್ಟು ಬಳಸಿದರೆ ಅವಳ ಹೆಸರು ಬರೆಯುತ್ತೇವೆ, ನನ್ನ ಕಸೂತಿ ಬಳಸಿದರೆ ಅವ್ವನ ಹೆಸರು. ಬದುಕಿರುವವರ ಫೋಟೊ ಹಂಚುವ ಮೊದಲು ಅವರನ್ನು ಕೇಳುತ್ತೇವೆ, ಮಕ್ಕಳದಾದರೆ ತಾಯ್ತಂದೆಯನ್ನು. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಹಿಂಡಿ ಚಿಕ್ಕದು ಮಾಡಿಬಿಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸು. ನಿನ್ನನ್ನೂ ಸೇರಿಸಿಕೊಳ್ಳಲು ಎಲ್ಲರೂ ಒಪ್ಪಿದ್ದಾರೆ, ಮುಂದಿನ ತಿಂಗಳ ಫೋಟೊ ನಿನ್ನ ಟ್ರಂಕಿನದ್ದೇ ಆಗಲಿ ಅಂತ ಹೇಳಿಯೂ ಇದ್ದೇನೆ.

ಮುದ್ರಿಸುವುದಾದರೆ ಮದುವೆ ಆಲ್ಬಂ ಮಾಡುವ ಲ್ಯಾಬಿನವರೇ ಮಾಡಿಕೊಡುತ್ತಾರೆ, ಕರಿಜ್ಮಾ ಆಲ್ಬಂ ಅಂತಾರಲ್ಲ, ಅದೇ. ಅವರ ಹಾಳೆ ಸಾಮಾನ್ಯವಾಗಿ 12ಕ್ಕೆ 36 ಇಂಚು, ನಡುವೆ ಮಡಿಕೆ ಬರುತ್ತದೆ. ಯಾರ ಮುಖವೂ ಆ ಮಡಿಕೆಯ ಮೇಲೆ ಬೀಳದಂತೆ ನೋಡಿಕೋ.

ಮಳೆ ಹಿಡಿಯುವ ಮೊದಲೇ ಟ್ರಂಕು ತೆಗೆದುಕೊಂಡು ಧಾರವಾಡಕ್ಕೆ ಬಾ, ಸ್ಕ್ಯಾನರ್ ನನ್ನಲ್ಲಿದೆ. ಮತ್ತೆ ಅಟ್ಟಕ್ಕೆ ಮಾತ್ರ ಏರಿಸಬೇಡ. ನೆಗೆಟಿವ್ ಲಕೋಟೆಯನ್ನು ಬಿಸಿಲಿಗೆ ಒಡ್ಡಬೇಡ. ಬರುವಾಗ ದೊಡ್ಡವ್ವನನ್ನೂ ಕರೆದುಕೊಂಡು ಬಾ. ನಿನ್ನ ಟ್ರಂಕಿನಲ್ಲಿರುವ ಗುಂಪು ಫೋಟೊದ ಹಿಂದಿನ ಸಾಲಿನಲ್ಲಿ ನಿಂತವರ ಹೆಸರು ಹೇಳಬಲ್ಲವರು ಈಗ ಅವರೊಬ್ಬರೇ. ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು, ರಾತ್ರಿ ಕೂತು ಮೊದಲ ಪುಟ ಇಬ್ಬರೂ ಸೇರಿ ಮಾಡೋಣ.

ಇತಿ,
ನಿನ್ನ ದೋಸ್ತ